ತಿರುಗಿಸಿದ ಕರೆ

ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುವವನ ಎರಡೂ ಕೈಗಳಿಗೆ ದಿನವಿಡೀ ಮಸಿ. ಮಗಳು ಶಾಲೆಯಿಂದ ಮನೆ ಸೇರಿದ ಕೂಡಲೇ ಅವನಿಗೆ ಫೋನ್ ಮಾಡುತ್ತಿದ್ದಳು. ಒಮ್ಮೆ ಅದನ್ನು ಎತ್ತಲು ಹೋಗಿ ಕ್ಯಾಲೆಂಡರ್ ಹಾಳೆಗಳಿಗೆ ಮಸಿ ಮೆತ್ತಿತು. ಮಾಲೀಕ ಬೈದ. ಅಂದೇ ಅವನು ತನ್ನ ಕರೆಗಳನ್ನು ಕೌಂಟರಿನ ಫೋನಿಗೆ ತಿರುಗಿಸಿದ.

ಕೌಂಟರಿನ ಅಕ್ಕ ನಕ್ಕಳು. “ರಸ್ತೆ ಅಗೆದ್ರೆ ಬಸ್ಸು ತಿರುಗಿಸ್ತಾರೆ. ನೀನು ಮಗಳನ್ನೇ ತಿರುಗಿಸಿಬಿಟ್ಯಲ್ಲೋ. ರಸ್ತೆ ಸರಿಹೋದ್ಮೇಲೆ ವಾಪಸ್ ಕರ್ಕೊ, ಮರೀಬೇಡ.”

“ಏನು ಹೇಳ್ತಾಳೋ ಕೇಳಿಟ್ಕೊ ಅಕ್ಕ, ಆಮೇಲೆ ನಂಗೆ ಹೇಳು.”

ಮೊದಮೊದಲು ಅಕ್ಕ ಹೇಳುತ್ತಿದ್ದಳು: ಕೊಡೆ ಕಳೆದದ್ದು, ಗೆಳತಿಯ ಜೊತೆ ಟೂ ಬಿಟ್ಟದ್ದು. ಮೆಷಿನ್ ಸದ್ದಿನಲ್ಲಿ ಅವನು ಹೂಂಗುಟ್ಟುತ್ತಿದ್ದ. ಬರಬರುತ್ತ ಅವಳು ಹೇಳುವುದನ್ನು ಬಿಟ್ಟಳು, ಅವನೂ ಕೇಳಲಿಲ್ಲ. ಮಗಳಿಗೆ ಅವಳು ಅತ್ತೆಯಾದಳು.

ಕ್ಯಾಲೆಂಡರ್ ಕೆಲಸ ಮುಗಿದು ಮೆಷಿನ್ ನಿಂತಿದ್ದ ಒಂದು ಮಧ್ಯಾಹ್ನ, ಅಕ್ಕ ಫೋನಿನಲ್ಲಿ ಬಿದ್ದು ಬಿದ್ದು ನಗುವುದು ಅವನಿಗೆ ಕೇಳಿಸಿತು. ಆ ಕಡೆ ಇದ್ದದ್ದು ಅವನ ಮಗಳು. ಮರುದಿನ ಅವನು ಕರೆಗಳು ಮತ್ತೆ ತನಗೇ ಬರುವಂತೆ ಮಾಡಿ, ಕೈ ತೊಳೆದು ಕಾದ.

“ಅತ್ತೇ, ಇವತ್ತೇನಾಯ್ತು ಗೊತ್ತಾ?”

“ಪುಟ್ಟೀ, ನಾನು ಕಣೇ, ಅಪ್ಪ. ಹೇಳು, ಏನಾಯ್ತು?”



“ಏನಿಲ್ಲಪ್ಪ. ಮನೆಗೆ ಬಂದೆ. ಹಾಲು ಕುಡಿದೆ.”

“ಅಷ್ಟೇನಾ?”

“ಹೂಂ. ಅತ್ತೆ ಅಲ್ಲೇ ಇದ್ದಾರಾ?”

ಅವನು ಫೋನನ್ನು ಅಕ್ಕನ ಕೈಗೆ ಕೊಟ್ಟು ಬಂದ. ಮೆಷಿನ್ನಿಗೆ ಕೆಲಸವಿರಲಿಲ್ಲ. ಆದರೂ ಬಟ್ಟೆ ತೆಗೆದುಕೊಂಡು ಅದನ್ನು ಒರೆಸತೊಡಗಿದ.