ಹೀರಾಬಾಯಿ ಚಿತ್ರಕ್ಕೆ ಕೂತದ್ದು

"ಇನ್ನೊಂದ ಕಿವಿ ಎಲ್ಲೈತಿ?" ಹೀರಾಬಾಯಿ ಕ್ಯಾನ್ವಾಸಿಗೆ ಮೂಗು ತಾಗುವಷ್ಟು ಬಗ್ಗಿ ಕೇಳಿದರು.

"ಕತ್ತಲಾಗ ಐತ್ರಿ," ಎಂದ ಶಶಿಕಾಂತ.

"ಕತ್ತಲಾಗ ಯಾಕ ಇಟ್ಟೀರಿ? ನಮ್ಮನ್ಯಾಗ ಕರೆಂಟ್ ಐತಲ್ಲ."

ಶಶಿಕಾಂತ ಬ್ರಷ್ಷನ್ನು ಬಟ್ಟೆಗೆ ಒರೆಸಿ ಉಸಿರು ಬಿಟ್ಟ. ಈ ಪ್ರಶ್ನೆ ಅವನಿಗೆ ಹೊಸದಲ್ಲ. ಚಿತ್ರಕಲಾ ಶಾಲೆಯಲ್ಲಿದ್ದಾಗ ಒಂದು ಪುಸ್ತಕದಲ್ಲಿ ನಾನೂರು ವರ್ಷ ಹಿಂದಿನ ಯುರೋಪಿನ ಬರೋಕ್ ಚಿತ್ರಗಳನ್ನು ನೋಡಿದ್ದ. ಸುತ್ತೆಲ್ಲ ಗಾಢ ಕತ್ತಲೆ. ಒಂದೇ ಕಡೆಯಿಂದ ಬಿದ್ದ ಬೆಳಕಿನಲ್ಲಿ ಮುಖ ಮಾತ್ರ ಮಾಗಿದ ಹಣ್ಣಿನ ಹಾಗೆ ಹೊಳೆಯುತ್ತಿತ್ತು. ಅಂದಿನಿಂದ ಬೇರೆ ಥರ ಬಿಡಿಸಲು ಅವನ ಕೈ ಒಪ್ಪಿರಲಿಲ್ಲ. ಬನಹಟ್ಟಿಯ ಮನೆಯಿಂದ ಬೈಕಿಗೆ ಕ್ಯಾನ್ವಾಸ್ ಇಡುವ ಸ್ಟ್ಯಾಂಡು, ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗಿ, ಕರೆದವರ ಮನೆಯಲ್ಲೇ ಕೂತು ಅವರ ಚಿತ್ರ ಬರೆಯುತ್ತಿದ್ದ. ಹುನ್ನೂರಿನ ಗೌಡರು ಅರ್ಧ ಮೀಸೆ ಕಾಣುವುದಿಲ್ಲವೆಂದು ಚಿತ್ರ ವಾಪಸು ಕಳಿಸಿದ್ದರು. ಬೀಳಗಿಯಲ್ಲೊಬ್ಬರು, ಆಗಲೇ ಸತ್ತವನ ಹಾಗೆ ಕಾಣುತ್ತೇನೆಂದು ಅತ್ತಿದ್ದರು. ತಕರಾರು ಮಾಡದೆ ಇದ್ದದ್ದು ಮುಧೋಳದ ಒಂದು ಬೇಟೆನಾಯಿ ಮಾತ್ರ. ಇದೂ ತಿರುಗಿ ಬಂದರೆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಅಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ಕೂರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಅವನು ತೇರದಾಳಕ್ಕೆ ಬಂದಿದ್ದ.

ಹೀರಾಬಾಯಿಯವರ ಅರವತ್ತೈದನೆಯ ಹುಟ್ಟುಹಬ್ಬಕ್ಕೆ ಚಿತ್ರ ಬರೆಸಬೇಕೆಂದು ಹೊರಟವನು ಮಗ ಜಿನೇಂದ್ರ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಅವನು ಸೂರ್ಯನ ಲೆಕ್ಕವನ್ನೇ ಹಿಡಿದಿರಲಿಲ್ಲ. ಶಶಿಕಾಂತನಿಗೆ ಬೇಕಾದ ಓರೆ ಬೆಳಕು ಪಡಸಾಲೆಯ ಕಿಟಕಿಯಿಂದ ಬೀಳುವುದು ಸಂಜೆ ನಾಲ್ಕೂವರೆಯಿಂದ ಆರರವರೆಗೆ. ಹೊತ್ತು ಮುಳುಗುವ ಮುಂಚೆ ಉಣ್ಣುವ ಆ ಜೈನರ ಮನೆಯಲ್ಲಿ ಒಲೆಗೆ ಪುರುಸೊತ್ತಿಲ್ಲದ ಹೊತ್ತೂ ಅದೇ. ಸೊಸೆ ಮಾನಸಿ ಆಫೀಸು ಮುಗಿಸಿ ಜಮಖಂಡಿ ಬಸ್ಸಿನಿಂದ ಇಳಿಯುವಾಗ ಆರಾಗಿರುತ್ತಿತ್ತು. ಹೀಗಾಗಿ ರೊಟ್ಟಿ ಬಡಿಯುವ ಕೆಲಸ ಜಿನೇಂದ್ರನ ಪಾಲಿಗೆ ಬಂತು.

ಮೊದಲ ದಿನ ಹೀರಾಬಾಯಿ ಹತ್ತು ನಿಮಿಷಕ್ಕೊಮ್ಮೆ ಒಳಗೆ ಓಡುತ್ತಿದ್ದರು. "ಅಲುಗ್ಯಾಡಬ್ಯಾಡ್ರಿ ಅವ್ವಾರ, ನೆರಳ ಕೆಡ್ತೈತಿ," ಎಂದು ಶಶಿಕಾಂತ ಗೋಗರೆಯುತ್ತಿದ್ದ. ಎರಡನೆಯ ದಿನ ಒಮ್ಮೆ ಎದ್ದರು. ಮೂರನೆಯ ದಿನ ಏಳಲೇ ಇಲ್ಲ. ಅಂದು ಚಿತ್ರ ಮುಗಿಯಿತು. ಮುಗಿದದ್ದೇ ತಡ, ಈ ಕಿವಿಯ ತಕರಾರು. ಮರುದಿನ ಮೂಗು ಉದ್ದವಾಯಿತು. ಅದರ ಮರುದಿನ ಸೆರಗಿನ ಅಂಚು ಸರಿಯಿಲ್ಲ. ಪ್ರತಿಯೊಂದನ್ನು ತಿದ್ದುವುದಕ್ಕೂ ಅವರು ಮತ್ತೆ ಕಿಟಕಿಯ ಪಕ್ಕ ಕೂರಬೇಕು.

"ಅವ್ವಾ, ಈ ರೊಟ್ಟಿ ಆಫ್ರಿಕಾ ಆಗಾಕತ್ತೈತಿ!" ಎಂದು ಒಳಗಿನಿಂದ ಜಿನೇಂದ್ರ ಕೂಗುತ್ತಿದ್ದ.

"ಆಗ್ಲಿ. ಎರಡೂ ಕಡೆ ಬೇಯಿಸು," ಎನ್ನುತ್ತಿದ್ದರು ಹೀರಾಬಾಯಿ, ಕತ್ತು ತಿರುಗಿಸದೆ.

ಆರನೆಯ ದಿನ ಶಶಿಕಾಂತನಿಗೆ ರಬಕವಿಯಲ್ಲಿ ಬೈಕ್ ಪಂಕ್ಚರ್ ಆಯಿತು. ತೇರದಾಳ ಮುಟ್ಟುವಾಗ ಐದು ಹೊಡೆದಿತ್ತು. ಇವತ್ತು ಇನ್ನೊಂದು ತಪ್ಪು ತೆಗೆದರೆ ಕೈ ಮುಗಿದು ಹೊರಟುಬಿಡುವುದು ಎಂದುಕೊಂಡು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅಡುಗೆಮನೆಯಿಂದ ಜಿನೇಂದ್ರನ ದನಿ ಕೇಳಿಸಿತು.

"ಅವ್ವಾ, ಖಾರಪುಡಿ ಡಬ್ಬಿ ಎಲ್ಲೈತಿ?"

"ನೀನ ಹುಡುಕು. ಇಲ್ಲಿ ಚಿತ್ರಾ ತಗಿಯಾಕತ್ತಾರ. ನಂಗ ಅಲುಗ್ಯಾಡಾಕ ಬರೂದಿಲ್ಲ."

ಶಶಿಕಾಂತ ಇಣುಕಿ ನೋಡಿದ. ಅವನು ಹಿಂದಿನ ದಿನ ಅಲ್ಲೇ ಬಿಟ್ಟುಹೋಗಿದ್ದ ಸ್ಟ್ಯಾಂಡಿನ ಮುಂದೆ ಯಾರೂ ಇರಲಿಲ್ಲ. ಹೀರಾಬಾಯಿ ಒಬ್ಬರೇ ಕುರ್ಚಿಯಲ್ಲಿ ಕಾಲು ಚಾಚಿ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ಕಿಟಕಿಯ ಬೆಳಕು ಅವರ ಹಣೆಯಿಂದ ಕೆನ್ನೆಗೆ ಇಳಿದಿತ್ತು. ಅವನ ನೆರಳು ಬಿದ್ದದ್ದಕ್ಕೋ ಏನೋ, ಕಣ್ಣು ತೆರೆದರು. ಗಡಬಡಿಸಿ ಕಾಲು ಎಳೆದುಕೊಂಡರು.

"ಯಾವಾಗ ಬಂದ್ರಿ?"

"ಈಗ ಬಂದೆರಿ."

ಹೀರಾಬಾಯಿ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಚಿತ್ರಾ ಮದಲ ಛಲೋ ಆಗಿತ್ರಿ. ಖರೆ ಹೇಳ್ತೇನಿ, ಅದು ನಾನ. ನಿಮ್ಮ ಕೈಯಾಗೇನ ತಪ್ಪಿಲ್ಲ." ಕಿಟಕಿಯ ಕಡೆ ಕೈ ತೋರಿಸಿದರು: "ನಾ ಈ ಮನಿಗೆ ಬಂದ ನಲವತ್ತೆರಡ ವರ್ಷ ಆತು. ಸಂಜೀಕ ಈ ಕಿಡಕ್ಯಾಗ ಇಷ್ಟ ಬಿಸಲ ಬರ್ತೈತಿ ಅನ್ನೂದ ನಂಗ ಗೊತ್ತಿರಲಿಲ್ಲ."

ಶಶಿಕಾಂತ ಮೊಬೈಲು ತೆಗೆದು ಹೆಂಡತಿಗೆ 'ಒಪ್ಪಿದ್ರು' ಎಂದು ಮೆಸೇಜು ಹಾಕಿದ. ಆಮೇಲೆ ಅಡುಗೆಮನೆಗೆ ಕೇಳುವ ಹಾಗೆ ಗಂಟಲೆತ್ತಿ ಕೂಗಿದ:

"ಸರ್, ಗದ್ದ ಯಾಕೋ ಸರಿ ಕುಂಡ್ರವಲ್ದರಿ! ಇನ್ನೂ ನಾಕ ದಿನ ಹಿಡೀತೈತಿ!"

ಒಳಗೆ ಏನೋ ಕೈಜಾರಿ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ, "ಆತ್ರಿ," ಎಂದು ಜಿನೇಂದ್ರನ ಸಣ್ಣ ದನಿ ಬಂತು.

ಶಶಿಕಾಂತ ಸ್ಟೂಲಿನ ಮೇಲೆ ಕೂತ. ಬಣ್ಣದ ಮುಚ್ಚಳ ತೆಗೆಯಲಿಲ್ಲ. ಒಣ ಬ್ರಷ್ಷನ್ನು ಕ್ಯಾನ್ವಾಸಿನ ಅಂಚಿನಲ್ಲಿ, ಒಳಗೆ ಕೇಳುವಷ್ಟು ಜೋರಾಗಿ, ನಿಧಾನವಾಗಿ ಎಳೆಯತೊಡಗಿದ. ಸರಕ್, ಸರಕ್ ಎಂಬ ಆ ಸದ್ದಿಗೆ ಹೀರಾಬಾಯಿಯವರ ತಲೆ ಒಂದು ಬದಿಗೆ ವಾಲಿತು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹಾದುಹೋಯಿತು, ಅವರಿಗೆ ಎಚ್ಚರವಾಗಲಿಲ್ಲ.