ಎದುರಿಗಿದ್ದವರೇ ಜೋಡಿ

ಮಾಧುರಿ ಬೋರ್ಡಿನಿಂದ ಒಂದೊಂದೇ ಅಕ್ಷರ ಕೀಳುತ್ತಿದ್ದಳು. ಫ್ಯೂನರಲ್ ಹೋಮಿನವರು ತೀರಿಕೊಂಡ ಅವಳ ಅಪ್ಪನನ್ನು 'ಮಿಸ್ಟರ್ ರುದ್ರಪ್ಪ ಶಿವ' ಮಾಡಿಟ್ಟಿದ್ದರು. ಶಿವರುದ್ರಪ್ಪ ಅನ್ನುವುದು ಒಂದೇ ಹೆಸರು ಎಂದು ಫೋನಿನಲ್ಲೂ ಹೇಳಿಯಾಗಿತ್ತು, ಇಮೇಲಿನಲ್ಲೂ ಬರೆದಾಗಿತ್ತು.

ವಿಭೂತಿ ಇನ್ನೂ ಬಂದಿರಲಿಲ್ಲ. ಅದನ್ನು ತರಬೇಕಾದ ಶರಣಪ್ಪ, ಅಪ್ಪನ ಹಳೆಯ ಗೆಳೆಯ, ಫ್ರೀವೇಯಲ್ಲಿ ಎಕ್ಸಿಟ್ ತಪ್ಪಿಸಿಕೊಂಡು ಓಕ್ಲ್ಯಾಂಡ್ ಬಂದರಿನ ಟ್ರಕ್ಕುಗಳ ನಡುವೆ ಸಿಕ್ಕಿಕೊಂಡಿದ್ದರು.

"ಬೈಬ್ಯಾಡವಾ ಅವರಿಗೆ," ಅವ್ವ ಕಾಶವ್ವ ಕುರ್ಚಿಯಿಂದಲೇ ಹೇಳಿದಳು.

"ನಾನೇನು ಬೈದೆ?"

"ಮಾರಿ ನೋಡಿದ್ರ ಗೊತ್ತಾಗ್ತದ."

"ಇವತ್ತೊಂದಿನ ಏನೂ ತಪ್ಪಾಗ್ಬಾರ್ದು ಅವ್ವಾ. ಜನ ಮತ್ತೆ ಅಪ್ಪನ್ನ ನೋಡಿ ನಗಬಾರ್ದು. ಅಷ್ಟೇ ನಂಗೆ ಬೇಕಿರೋದು."

*

ಶನಿವಾರಗಳಂದು ಯೂನಿಯನ್ ಸಿಟಿಯ ಸಭಾಂಗಣದಲ್ಲಿ ಶಿವರುದ್ರಪ್ಪ ಕೋಲಾಟ ಆಡಿಸುತ್ತಿದ್ದರು. ವಾರವಿಡೀ ಸರ್ಕಾರಿ ಆಫೀಸಿನಲ್ಲಿ ಒಳಚರಂಡಿಯ ನಕ್ಷೆ. ಶನಿವಾರ ಕೈಗೆ ಮೈಕು. ಹಾಡಿನ ನಡುವೆ 'ಒಳಗ, ಹೊರಗ, ಎಡಕ್ಕ, ಜೋಡಿ ಬದಲ' ಎಂದು ಕೂಗಿ ಹೇಳುವುದು ಅವರ ಕೆಲಸ. ಎಡಕ್ಕ ಎಂದರೆ ಕಿವಿ ಮಂದವಾದ ಶರಣಪ್ಪ ಬಲಕ್ಕೆ ತಿರುಗುತ್ತಿದ್ದರು. ಕೋಲಿಗೆ ಕೋಲು ಸಿಗದೆ ಇಡೀ ಸಾಲು ಗಂಟಾಗುತ್ತಿತ್ತು.

"ತಪ್ಪು ನಂದು," ಮೈಕಿನಲ್ಲಿ ಅಪ್ಪ. "ಇದ್ದಲ್ಲೇ ನಿಂದ್ರಿ. ಎದುರಿಗಿದ್ದವರೇ ನಿಮ್ಮ ಜೋಡಿ. ಹೂಂ, ಮುಂದ ನಡೀರಿ."

ಜನ ನಗುತ್ತಿದ್ದರು. 'ತಪ್ಪು ನಂದು ಶಿವರುದ್ರಪ್ಪ' ಎಂದು ಹೆಸರೇ ಬಿತ್ತು. ಹಾಡು ಹಾಕಲು ಕೂರುತ್ತಿದ್ದ ಹೈಸ್ಕೂಲು ಹುಡುಗಿ ಮಾಧುರಿ ಆಗ ಮೇಜಿನಡಿ ಬಗ್ಗಿ, ಸರಿಯಾಗಿಯೇ ಇದ್ದ ವೈರನ್ನು ಸರಿಪಡಿಸುತ್ತಿದ್ದಳು. ಒಮ್ಮೆ ಕಾರಿನಲ್ಲಿ ಕೇಳಿಯೇಬಿಟ್ಟಳು: ತಪ್ಪಾಗಿ ತಿರುಗಿದ್ದು ಶರಣಪ್ಪ ಕಾಕಾ, ನೀವ್ಯಾಕೆ ಸುಳ್ಳು ಹೇಳಿದಿರಿ?

"ಯಾರ ತಪ್ಪಂತ ಹುಡುಕ್ಕೋತ ನಿಂತ್ರ ಹಾಡ ಮುಗಿದುಹೋಗ್ತದಲ್ಲವಾ," ಎಂದರು ಅಪ್ಪ, ಇಂಡಿಕೇಟರ್ ಹಾಕಲು ಮರೆತು ಹಿಂದಿನ ಕಾರಿನವನಿಂದ ಹಾರ್ನ್ ಹೊಡೆಸಿಕೊಳ್ಳುತ್ತ.

ಈ ಮನುಷ್ಯನಿಗೆ ಸ್ವಲ್ಪವೂ ಮಾನವಿಲ್ಲ ಎಂದುಕೊಂಡು ಅವಳು ಮನೆ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದಳು.

*

ಕೊನೆಗೂ ವಿಭೂತಿ ಬಂತು. ಏದುಸಿರು ಬಿಡುತ್ತ ಬಂದ ಶರಣಪ್ಪ ಶವಪೆಟ್ಟಿಗೆಗೆ ತಾನೂ ಹೆಗಲಾಗುವೆನೆಂದು ಹಟ ಹಿಡಿದರು. ಬೇಡವೆನ್ನಲು ಮಾಧುರಿ ಬಾಯಿ ತೆರೆಯುವುದರೊಳಗೆ ಎಡಬದಿಯ ಮುಂದಿನ ಹಿಡಿಕೆ ಅವರ ಕೈಯಲ್ಲಿತ್ತು. ಉಳಿದವರೆಲ್ಲ ಕೋಲಾಟದವರೇ.

ಬಾಗಿಲಾಚೆ ಇಕ್ಕಟ್ಟಾದ ಓಣಿ. ಮಾಧುರಿ ಅಲ್ಲಿ ಅವರಿಗೆ ಎದುರಾಗಿ ನಿಂತಳು. ತನ್ನ ಎಡ ಅವರಿಗೆ ಬಲವಾಗುತ್ತದೆ ಎಂಬ ಎಚ್ಚರವಿತ್ತು, ಬಿಡಿಸಿಯೇ ಹೇಳಿದಳು: "ನಿಮ್ಮ ಎಡಕ್ಕೆ."

ಎಲ್ಲರೂ ಎಡಕ್ಕೆ ತಿರುಗಿದರು. ಶರಣಪ್ಪ ಬಲಕ್ಕೆ.

ಪೆಟ್ಟಿಗೆ ಚೌಕಟ್ಟಿಗೆ ಗರ್ರನೆ ಉಜ್ಜಿ ವಾಲಿತು. ಮೇಲಿದ್ದ ಹೂವೆಲ್ಲ ಜಾರಿ ಬಿದ್ದವು. ಹಿಂದಿನಿಂದ ಯಾರೋ, ಇವತ್ತಾದರೂ ಈ ಶರಣಪ್ಪನನ್ನು ದೂರ ಇಡಬಾರದಿತ್ತೇ ಎಂದು ಗೊಣಗಿದರು. ಪೆಟ್ಟಿಗೆಯ ಕಡೆಗೆ ಮುಖ ಮಾಡಿಬಿಟ್ಟಿದ್ದ ಶರಣಪ್ಪ ಹಿಡಿಕೆ ಬಿಡದೆ ನಿಂತಿದ್ದರು. ಎಲ್ಲರ ಕಣ್ಣೂ ಮಾಧುರಿಯ ಮೇಲೆ. ಬೆಳಗಿನಿಂದ ಕೂಡಿಟ್ಟ ಮಾತೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು.

"ತಪ್ಪು ನಂದು," ಎಂದಳು.

ಶರಣಪ್ಪನಿಗೆ ಕೇಳಿಸಲಿಲ್ಲ. ಮೈಕಿಗೆ ಹೇಳುವಂತೆ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು.

"ತಪ್ಪು ನಂದು ಕಾಕಾ. ಇದ್ದಲ್ಲೇ ಇರ್ರಿ. ತಿರುಗಬ್ಯಾಡ್ರಿ." ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು. "ಹೂಂ. ಮುಂದ ನಡೀರಿ."

ಕುರ್ಚಿಯಲ್ಲಿದ್ದ ಕಾಶವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉಳಿದವರು ಎಡಕ್ಕೆ ಹೆಜ್ಜೆ ಹಾಕಿದರು. ಶರಣಪ್ಪ ಮಾತ್ರ ಗೆಳೆಯನಿಗೆ ಎದುರಾಗಿ, ಹಿಂದುಹಿಂದಕ್ಕೆ ನಡೆಯುತ್ತ, ಎಲ್ಲರ ಕಾಲಿಗೂ ಕಾಲು ಸೇರಿಸುತ್ತ, ಬಿಸಿಲಿಗೆ ಹೊರಟರು.