ಮೊಣಕಾಲೂರಿದ ಗೆಲುವು

ಆಯ್ಕೆ ಸಮಿತಿಯಲ್ಲಿ ನಮ್ಮವನೇ ಒಬ್ಬ ಇದ್ದಾನೆಂದು ಕ್ಯಾನ್ಸಸ್‌ನ ನಮ್ಮ ಪುಟ್ಟ ಊರು ಬೀಗಿದ್ದೇ ಬೀಗಿದ್ದು. ನಮ್ಮೂರ ಟಾಲ್‌ಮನ್ ಕಾಲೇಜಿನ ಕ್ರೀಡಾ ಮುಖ್ಯಸ್ಥ ಆರ್ವಿಲ್ ಸ್ಟ್ರಾಬ್, ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಆಡಲು ದೇಶದ ಹನ್ನೆರಡು ಶ್ರೇಷ್ಠ ಅಮೆರಿಕನ್ ಫುಟ್‌ಬಾಲ್ ತಂಡಗಳನ್ನು ಆರಿಸುವ ಮಹಾಜ್ಞಾನಿಗಳ ಸಾಲಿನಲ್ಲಿ ಕುಳಿತಿದ್ದ. ನನ್ನ ಹೋಟೆಲಿಗೆ ಬಂದಾಗಲೆಲ್ಲ ಚಿಲಿ ಎಂಬ ಖಾರದ ಮಾಂಸದ ಸಾರಿನ ಜೊತೆ ದಾಲ್ಚಿನ್ನಿ ಬನ್ನು ಪುಕ್ಕಟೆ ಕೊಟ್ಟೆ. ಸಮಿತಿಯ ನಿಯಮ ತಿಳಿದದ್ದು ಆಮೇಲೆ: ಯಾರ ಕಾಲೇಜಿನ ಮಾತು ಬರುತ್ತದೋ ಅವರು ಎದ್ದು ಹೊರಗೆ ಹೋಗಬೇಕು. ಅಂದರೆ ನಮ್ಮ ಬಗ್ಗೆ ಇಡೀ ಸಮಿತಿಯಲ್ಲಿ ಬಾಯಿ ತೆರೆಯಲಾಗದವನು ನಮ್ಮವನೊಬ್ಬನೇ. ಬನ್ನೆಲ್ಲ ದಂಡ.

ಆದರೂ ನಾವು ಅಂಜಲಿಲ್ಲ. ಆ ವರ್ಷ ನಮ್ಮ ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಚೆಂಡೆಸೆದು ತಂಡವನ್ನು ಆಡಿಸುತ್ತಿದ್ದವನು ನನ್ನ ತಂಗಿಯ ಮಗ ವೆಂಡಲ್. ಹಿಂದಿನ ವರ್ಷ ದೊಡ್ಡ ಕಾಲೇಜೊಂದು ಅವನನ್ನು ಕರೆದಿತ್ತು. ಪ್ಲೇಆಫ್ ಆಡಿದರೆ ನಮ್ಮೂರ ಅಂಗಿ ತೊಟ್ಟೇ ಆಡುತ್ತೇನೆಂದು ಇಲ್ಲೇ ಉಳಿದ. ಇದು ಅವನ ಕೊನೆಯ ವರ್ಷ, ಇನ್ನೊಂದು ಅವಕಾಶವಿರಲಿಲ್ಲ.

ಶುಕ್ರವಾರ ನಮ್ಮ ವಲಯದ ಫೈನಲ್. ಬ್ರಿಮ್‌ವೆಲ್ ಕಾಲೇಜಿನ ಎದುರು ಆರು ಅಂಕ ಮುಂದಿದ್ದೆವು. ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಚೆಂಡು ನಮ್ಮ ಕೈಯಲ್ಲೇ, ದಾಟಿದರೆ ಅಂಕ ಸಿಗುವ ಅವರ ಗೆರೆ ಒಂದೆರಡು ಮಾರು ದೂರದಲ್ಲಿ. ಇಂಥ ಹೊತ್ತಿನಲ್ಲಿ ಮರ್ಯಾದಸ್ಥರು ಇನ್ನಷ್ಟು ಅಂಕ ದೋಚುವುದಿಲ್ಲ. ಚೆಂಡು ಹಿಡಿದವನು ಒಂದು ಮೊಣಕಾಲೂರುತ್ತಾನೆ, ಗಡಿಯಾರ ಓಡಿ ಆಟ ಮುಗಿಯುತ್ತದೆ. ವೆಂಡಲ್‌ಗೆ ಗೆರೆ ದಾಟುವ ಆಸೆಯಿತ್ತು. ಅಂಚಿನಲ್ಲಿ ನಿಂತಿದ್ದ ಕೋಚ್ ಗಸ್ ಹಾಲ್ವರ್ಸನ್ ಬೇಡವೆಂದು ಅಂಗೈ ಕೆಳಗೆ ಮಾಡಿದರು. ಹುಡುಗ ಮೊಣಕಾಲೂರಿದ.

ಬ್ರಿಮ್‌ವೆಲ್‌ನ ಕ್ರೀಡಾ ಮುಖ್ಯಸ್ಥ ಡ್ವೈಟ್ ಲಾಮರ್ಟ್ ಮೈದಾನಕ್ಕಿಳಿದು ಗಸ್‌ರ ಕೈ ಹಿಡಿದುಕೊಂಡ.

"ನಮ್ ಹುಡುಗ್ರ ಮಾನ ಉಳಿಸಿದ್ರಿ ಕೋಚ್. ಇದನ್ನ ನಾನು ಮರೆಯಲ್ಲ."

ಕಣ್ಣು ಬೇರೆ ಒದ್ದೆ. ಇವನೂ ಅದೇ ಸಮಿತಿಯ ಸದಸ್ಯ ಎಂದು ನಮಗೆ ಸಂತೋಷವೋ ಸಂತೋಷ.

ಆಯ್ಕೆಯಾದ ಹನ್ನೆರಡು ತಂಡಗಳ ಹೆಸರು ಹೊರಬೀಳುವ ಭಾನುವಾರ, ಟೀವಿಯವರು ನಮಗಿಂತ ಮೊದಲೇ ಕಾಲೇಜಿನ ಜಿಮ್ಮಿಗೆ ಬಂದು ಕ್ಯಾಮೆರಾ ಹೂಡಿದ್ದರು. ಹುಡುಗರು ಕುಣಿದರೂ ಸರಿ, ಅತ್ತರೂ ಸರಿ, ಅವರಿಗೆ ಎರಡೂ ಲಾಭವೇ. ಒಂದೊಂದೇ ಹೆಸರು ಬಂತು. ಮೂರು ಪಂದ್ಯ ಸೋತ ಹೆಸರುವಾಸಿ ತಂಡವೂ ಬಂತು; ಅದರ ಸೋಲುಗಳು ಬಹಳ ಉತ್ತಮ ದರ್ಜೆಯವಂತೆ. ಕೊನೆಯ ಜಾಗಕ್ಕೆ ಬಂದದ್ದು ವೆಂಡಲ್‌ನನ್ನು ಕರೆದಿದ್ದ ಆ ದೊಡ್ಡ ಕಾಲೇಜು. ನಮ್ಮದು ಬರಲೇ ಇಲ್ಲ.

ಸಮಿತಿಯ ಅಧ್ಯಕ್ಷರು ಟೀವಿಯಲ್ಲಿ ಬಹಳ ನೊಂದು ವಿವರಿಸಿದರು. ಟಾಲ್‌ಮನ್ ಎಲ್ಲ ಪಂದ್ಯ ಗೆದ್ದದ್ದು ನಿಜವೇ, ಆದರೆ ಫೈನಲ್‌ನಲ್ಲಿ ಆರೇ ಅಂಕದ ಅಂತರ, ಮೇಲುಗೈ ಕಾಣಲಿಲ್ಲ. ಮೈದಾನದಲ್ಲೇ ಇದ್ದ ಸದಸ್ಯರೊಬ್ಬರು ಕಣ್ಣಾರೆ ಕಂಡು ಹೇಳಿದ್ದು. ಯಾರೆಂದು ಹೇಳಲಿಲ್ಲ, ನಾವು ಕೇಳಬೇಕಾಗಿಯೂ ಇರಲಿಲ್ಲ. ಆರ್ವಿಲ್ ಫೋನ್ ಮಾಡಿ, ನಮ್ಮ ತಂಡದ ಚರ್ಚೆ ಮುಗಿಯುವಷ್ಟರಲ್ಲಿ ತಾನು ಹೊರಗೆ ಅರ್ಧ ಕಪ್ ಕಾಫಿಯನ್ನೂ ಕುಡಿದಿರಲಿಲ್ಲ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಗಸ್ ವೆಂಡಲ್‌ನ ಪಕ್ಕ ಬಂದು ಕುಳಿತರು.

"ನಾನೇ ನಿನ್ನ ಕೂರಿಸ್ದೆ ಮಗಾ. ನೀನು ದಾಟ್ತಿದ್ದೆ."

ಕ್ಯಾಮೆರಾ ಇನ್ನೂ ವೆಂಡಲ್‌ನ ಮುಖದ ಮೇಲೆಯೇ ಇತ್ತು.

ಮರುವರ್ಷ ಮತ್ತೆ ಬ್ರಿಮ್‌ವೆಲ್ ನಮ್ಮೂರಿಗೆ ಬಂತು. ಗಸ್ ಪಾಠ ಚೆನ್ನಾಗಿ ಕಲಿತಿದ್ದರು. ಐವತ್ತು ಅಂಕ ಮುಂದಿದ್ದರೂ, ಗಡಿಯಾರ ನಿಲ್ಲುವ ಹೊತ್ತಿಗೆ ಹುಡುಗರನ್ನು ಇನ್ನೊಮ್ಮೆ ಗೆರೆ ದಾಟಿಸಿದರು. ಊರಿಗೆ ಊರೇ ಎದ್ದು ಕೇಕೆ ಹಾಕಿತು. ಎಲ್ಲರಿಗಿಂತ ಜೋರು ನನ್ನದೇ ದನಿ. ಪಕ್ಕದಲ್ಲಿದ್ದ ವೆಂಡಲ್ ನನ್ನ ತೋಳು ಹಿಡಿದು ಕೆಳಗೆ ಎಳೆದ.

"ಕೂತ್ಕೋ ದೊಡ್ಡಮ್ಮ. ಆ ಬ್ರಿಮ್‌ವೆಲ್ ಹುಡುಗ್ರೇನು ಸಮಿತೀಲಿದ್ರಾ?"